ಎರಡನೇ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಮನೆ ಅಡವಿಡಬೇಕೇ?

ನಿಮ್ಮ ತಂದೆಗೆ ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ಆಡಿಸುವ ನರಕೋಶಗಳು ನಶಿಸುತ್ತಾ ಹೋಗುವ ರೋಗ) ಇದೆ, ಮೊದಲ ಸ್ಟೆಮ್ ಸೆಲ್ ಇಂಜೆಕ್ಷನ್ ನಂತರ ಕೈ ಹಗುರಾಯಿತು, ಎರಡನೆಯದಕ್ಕೆ ಮನೆ ಅಡವಿಡಲೇ ಎಂದು ಕೇಳಿದ್ದೀರಿ. ಅವರ ಕೈ ಹಗುರಾದದ್ದಕ್ಕೆ ಕಾರಣ ಬಹುಶಃ ಇಂಜೆಕ್ಷನ್ ಜೊತೆ ದಿನವೂ ಮಾಡಿಸಿದ ಫಿಸಿಯೋಥೆರಪಿ. ಈ ಕಾಯಿಲೆ ಕೆಲವೊಮ್ಮೆ ತಾನಾಗಿಯೇ ಕೆಲಕಾಲ ನಿಂತಂತೆಯೂ ಇರುತ್ತದೆ. ಎರಡರಲ್ಲಿ ಯಾವುದೆಂದು ಇಲ್ಲಿಂದ ಹೇಳಲಾರೆ. ನನ್ನ ಅಣ್ಣನಿಗೂ ಇದೇ ಕಾಯಿಲೆ ಇತ್ತು, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಮನೆ ಅಡವಿಡಬೇಡಿ.

ಮೊದಲು ಕ್ಲಿನಿಕ್ಕಿನವರಿಂದ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆಯನ್ನು ಬರೆಸಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಈ ಕಾಯಿಲೆಗೆ ಸ್ಟೆಮ್ ಸೆಲ್ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುತ್ತಿದ್ದಾರೆಂದರೆ ಅಲ್ಲಿಗೇ ನಿಲ್ಲಿಸಿ. ಅಮೆರಿಕದಲ್ಲಿ ಬಹಳ ನಿರೀಕ್ಷೆ ಹುಟ್ಟಿಸಿದ್ದ ನ್ಯೂರ್‌ಓನ್ ಎಂಬ ಸ್ಟೆಮ್ ಸೆಲ್ ಚಿಕಿತ್ಸೆ ಕೂಡ ಮೂರನೇ ಹಂತದ ಪ್ರಯೋಗದಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. 2023ರಲ್ಲಿ ಅದನ್ನು ತಯಾರಿಸಿದ ಕಂಪನಿಯೇ ಅನುಮತಿಗೆ ಹಾಕಿದ್ದ ಅರ್ಜಿಯನ್ನು ಹಿಂಪಡೆಯಿತು.

ಆಮೇಲೆ ನಿಮ್ಹಾನ್ಸ್‌ನಂಥ ಕಡೆ ನರರೋಗ ತಜ್ಞರಿಗೆ ತೋರಿಸಿ, ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುವ ರಿಲುಜೋಲ್ ಮಾತ್ರೆಯ ಬಗ್ಗೆ ಕೇಳಿ, ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆ ಮಾಡಿಸಿ. ಅಂಗಾತ ಮಲಗಿದಾಗ ಉಸಿರು ಕಟ್ಟುವುದು, ಬೆಳಗ್ಗೆ ಏಳುವಾಗಲೇ ತಲೆನೋವು ಇದ್ದರೆ ಈ ವಾರವೇ ಹೋಗಿ, ರಾತ್ರಿಗೆ ಬೈಪ್ಯಾಪ್ (ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ) ಬೇಕಾಗಬಹುದು. ಕೂಡಿಟ್ಟ ಹಣವನ್ನು ಆ ಯಂತ್ರಕ್ಕೆ ಉಳಿಸಿಕೊಳ್ಳಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.