ಎಸ್‌ಎಸ್‌ಎಚ್‌ನಲ್ಲಿ 'ಹೋಸ್ಟ್ ಕೀ ಬದಲಾಗಿದೆ' ಎನ್ನುವ ಎಚ್ಚರಿಕೆ ಪೂರ್ತಿ ಬರದಂತೆ ಮಾಡುವುದು ಹೇಗೆ?

ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ, ಹೋಸ್ಟ್ ಕೀ ಅಂದರೆ ಆ ಸರ್ವರಿನ ಗುರುತು. ಎಚ್ಚರಿಕೆ ಬರದಂತೆ ಮಾಡಬಹುದು, ಎರಡು ಸಾಲು ಸಾಕು. ಆ ಎರಡೂ ಸಾಲು ನನ್ನ ಲ್ಯಾಪ್‌ಟಾಪ್‌ನಲ್ಲಿದ್ದವು. ಕಾಪಿ ಮಾಡುವ ಮುಂಚೆ ಇದನ್ನು ಓದಿ.

ಆಗ ತುಮಕೂರಿನ ಬಟವಾಡಿ ಕಡೆ ಒಂದು ಚಿಕ್ಕ ಸಾಫ್ಟ್‌ವೇರ್ ಆಫೀಸಿನಲ್ಲಿದ್ದೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರ ಲೆಕ್ಕದ ಪ್ರೋಗ್ರಾಂ ನಾವೇ ನೋಡಿಕೊಳ್ಳುತ್ತಿದ್ದೆವು. ಟೆಸ್ಟ್ ಸರ್ವರ್‌ಗಳನ್ನು ಆಗಾಗ ಅಳಿಸಿ ಹೊಸದಾಗಿ ಹಾಕುವುದು, ಆಗೆಲ್ಲ ಈ ಎಚ್ಚರಿಕೆ. ತಲೆಕೆಟ್ಟು ಕಾನ್ಫಿಗ್ ಫೈಲಿನಲ್ಲಿ 'ಸ್ಟ್ರಿಕ್ಟ್ ಹೋಸ್ಟ್ ಕೀ ಚೆಕಿಂಗ್ ನೋ' ಅಂತ ಹಾಕಿದೆ, ಅಂದರೆ ಹೊಸ ಕೀ ಬಂದರೆ ನನ್ನನ್ನು ಕೇಳದೆ ಒಪ್ಪಿಕೋ ಅಂತ. ಹಿಂದೆ ಕಂಡ ಕೀಗಳನ್ನು ಬರೆದಿಡುವ ನೋನ್ ಹೋಸ್ಟ್ಸ್ ಫೈಲಿನ ಜಾಗಕ್ಕೆ ಡೆವ್ ನಲ್ ಕೊಟ್ಟೆ, ಅದಕ್ಕೆ ಬರೆದದ್ದೆಲ್ಲ ಮಾಯ. ಎರಡನ್ನೂ ಎಲ್ಲ ಸರ್ವರ್‌ಗೂ ಅನ್ವಯಿಸುವ 'ಹೋಸ್ಟ್ ಸ್ಟಾರ್' ಕೆಳಗೆ ಬರೆದೆ. ಅಂದರೆ ಗಿರಾಕಿಗಳ ಸರ್ವರ್‌ಗೂ ಅದೇ ನಿಯಮ.

ಎಲ್ಲರೂ ಮೊದಲ ಸಾಲನ್ನೇ ಬೈಯುತ್ತಾರೆ. ನನ್ನನ್ನು ಮುಳುಗಿಸಿದ್ದು ಎರಡನೆಯದು. ಮೊದಲನೆಯದು ಒಂದೇ ಇದ್ದಿದ್ದರೆ ಓಪನ್‌ಎಸ್‌ಎಸ್‌ಎಚ್‌ಗೆ (ಎಸ್‌ಎಸ್‌ಎಚ್‌ಗೆ ನಾವು ಬಳಸುವ ಪ್ರೋಗ್ರಾಂ) ಹಳೆ ಕೀ ನೆನಪಿರುತ್ತಿತ್ತು. ಕೀ ಬದಲಾಗಿದ್ದರೆ ಕನೆಕ್ಟ್ ಆದರೂ ಪಾಸ್‌ವರ್ಡ್ ಕೇಳುವುದನ್ನು ಅದೇ ನಿಲ್ಲಿಸುತ್ತದೆ. ಡೆವ್ ನಲ್ ಕೊಟ್ಟ ಮೇಲೆ ನೆನಪೇ ಇಲ್ಲ, ಹೋಲಿಸುವುದಕ್ಕೂ ಏನಿಲ್ಲ.

ಮಂಡಿಯ ಸರ್ವರನ್ನು ಜೊತೆಗಾರರೊಬ್ಬರು ಬೇರೆ ಕಡೆ ಹಾಕಿ ಹಳೆಯದನ್ನು ಅಳಿಸಿದ್ದರು. ಅದರ ಹಳೆ ಐಪಿ ವಿಳಾಸ ಇನ್ಯಾರದೋ ಸರ್ವರ್‌ಗೆ ಹೋಗಿತ್ತು. ಹರಾಜಿನ ದಿನ ಫೋನ್ ಬಂತು, "ಸಾರ್, ಬಿಲ್ ಆಗ್ತಿಲ್ಲ." ಅವಸರದಲ್ಲಿ ಹಳೆ ಐಪಿಗೇ ಹೋದೆ. ಪಾಸ್‌ವರ್ಡ್ ಕೊಟ್ಟೆ, ತಪ್ಪು ಅಂದಿತು. ಬೇರೆ ಗಿರಾಕಿಯದ್ದು ಇರಬಹುದು ಅಂತ ಅದನ್ನೂ ಕೊಟ್ಟೆ. ಎಸ್‌ಎಸ್‌ಎಚ್‌ನಲ್ಲಿ ದಾರಿ ಮಧ್ಯೆ ಸುಮ್ಮನೆ ಕದ್ದು ನೋಡುವವನಿಗೆ ಪಾಸ್‌ವರ್ಡ್ ಕಾಣಿಸುವುದಿಲ್ಲ ನಿಜ. ಆದರೆ ಆ ತುದಿಯ ಸರ್ವರ್‌ಗೆ ಪಾಸ್‌ವರ್ಡ್ ಇದ್ದ ಹಾಗೇ ಸಿಗುತ್ತದೆ. ಅವರು ಬರೆದಿಟ್ಟುಕೊಂಡರೋ ಇಲ್ಲವೋ, ನಮಗೆ ಹೇಗೆ ಗೊತ್ತಾಗಬೇಕು? ಎಲ್ಲ ಸರ್ವರ್‌ಗಳ ಪಾಸ್‌ವರ್ಡ್ ಬದಲಿಸಿ, ಲಾಗ್ ಜಾಲಾಡಿ, ಗಿರಾಕಿಗಳಿಗೂ ವಿಷಯ ಹೇಳಬೇಕಾಯಿತು. ಮಂಡಿಯವರು ಬೇರೆಯವರನ್ನು ನೋಡಿಕೊಂಡರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಕೀ ಯಾಕೆ ಬದಲಾಯಿತು, ಅದನ್ನು ಹುಡುಕಿ. 2023ರ ಮಾರ್ಚ್ 24ರಂದು ಕೋಡ್ ಇಡುವ ತಾಣ ಗಿಟ್‌ಹಬ್ ತನ್ನ ಆರ್‌ಎಸ್‌ಎ ಬಗೆಯ ಹೋಸ್ಟ್ ಕೀ ಬದಲಿಸಿತು. ಗುಟ್ಟಾಗಿರಬೇಕಾದ ಅದರ ಪ್ರೈವೇಟ್ ಕೀ ಸ್ವಲ್ಪ ಹೊತ್ತು ಎಲ್ಲರಿಗೂ ಕಾಣುವ ಒಂದು ಪಬ್ಲಿಕ್ ರೆಪೊದಲ್ಲಿ (ಕೋಡ್ ಕಡತದಲ್ಲಿ) ಬಯಲಾಗಿತ್ತು. ಆಗಲೂ ಇದೇ ಎಚ್ಚರಿಕೆ. ಹೊಸ ಫಿಂಗರ್‌ಪ್ರಿಂಟನ್ನು, ಅಂದರೆ ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಸಾಲನ್ನು, ಅವರೇ ಪ್ರಕಟಿಸಿದ್ದರು, ಹೋಲಿಸಿದರೆ ಆಯ್ತು.

ನಿಮ್ಮದೇ ಸರ್ವರ್ ಆದರೆ ಕ್ಲೌಡ್‌ನವರ ವೆಬ್ ಕನ್ಸೋಲ್‌ನಿಂದ ಒಳಗೆ ಹೋಗಿ, ಇಟಿಸಿ ಎಸ್‌ಎಸ್‌ಎಚ್ ಫೋಲ್ಡರಿನ ಪಬ್ಲಿಕ್ ಕೀ ಮೇಲೆ 'ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಎಲ್‌ಎಫ್' ಓಡಿಸಿ, ಫಿಂಗರ್‌ಪ್ರಿಂಟ್ ತೋರಿಸುತ್ತದೆ. ಸರ್ವರ್ ಬದಲಾಗಿದ್ದು ನಿಜವಾದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದೇ ಎಸ್‌ಎಸ್‌ಎಚ್-ಕೀಜೆನ್‌ಗೆ 'ಮೈನಸ್ ದೊಡ್ಡ ಆರ್' ಮತ್ತು ಸರ್ವರಿನ ಹೆಸರು ಕೊಟ್ಟು ಆ ಒಂದು ಸರ್ವರಿನ ಹಳೆ ಕೀಗಳನ್ನು ಮಾತ್ರ ತೆಗೆಯಿರಿ. ಮತ್ತೆ ಕನೆಕ್ಟ್ ಮಾಡಿದಾಗ 'ಯೆಸ್' ಬದಲು ಆ ಫಿಂಗರ್‌ಪ್ರಿಂಟನ್ನೇ ಪೇಸ್ಟ್ ಮಾಡಿ. ಓಪನ್‌ಎಸ್‌ಎಸ್‌ಎಚ್ 8.0ರಿಂದ ಈಚೆಗೆ ಅದೇ ಹೋಲಿಸಿ ನೋಡುತ್ತದೆ. ನೆಟ್‌ವರ್ಕ್‌ನಲ್ಲೇ ಸರ್ವರಿನ ಕೀ ತಂದುಕೊಡುವ ಎಸ್‌ಎಸ್‌ಎಚ್-ಕೀಸ್ಕ್ಯಾನ್ ಸಾಕು ಅನ್ನುವವರ ಮಾತು ಕೇಳಬೇಡಿ. ಅದು ಕೀ ತರುವುದೂ ಅದೇ ದಾರಿಯಲ್ಲೇ ಅಲ್ವಾ? ಹೋಲಿಸುವಾಗ ಗಮನಿಸಿ, ಒಂದೇ ಸರ್ವರಿನಲ್ಲೂ ಇಡಿ25519 ಮತ್ತು ಆರ್‌ಎಸ್‌ಎ ಬಗೆಯ ಕೀಗಳ ಫಿಂಗರ್‌ಪ್ರಿಂಟ್ ಬೇರೆಬೇರೆ ಇರುತ್ತವೆ. ಪರದೆಯಲ್ಲಿ ಯಾವ ಕೀ ಹೆಸರು ಬಂದಿದೆಯೋ ಅದರದ್ದೇ ಫೈಲು ತೆಗೆಯಿರಿ.