ಎಸ್ಟೋನಿಯನ್ ಮತ್ತು ಬರ್ಮೀಸ್ ಭಾಷೆಗಳಿಗೆ ಏನಾದರೂ ಸಂಬಂಧ ಇದೆಯೇ? ಯಾವುದು ಕಲಿಯಲು ಕಷ್ಟ?

ನಂಟು ಏನೂ ಇಲ್ಲ. ಎಸ್ಟೋನಿಯನ್ ಉರಾಲಿಕ್ ಕುಟುಂಬದ್ದು, ಫಿನ್ನಿಶ್‌ಗೆ ಹತ್ತಿರದ ಸಂಬಂಧಿ. ಬರ್ಮೀಸ್ ಸಿನೋ-ಟಿಬೆಟನ್ ಕುಟುಂಬದ್ದು. ಮೊದಲನೆಯದನ್ನು ಮಾತಾಡುವವರು ಸುಮಾರು 11 ಲಕ್ಷ, ಎರಡನೆಯದನ್ನು ಮೂರು ಕೋಟಿಗೂ ಹೆಚ್ಚು.

ಎಸ್ಟೋನಿಯನ್‌ನಲ್ಲಿ 14 ವಿಭಕ್ತಿಗಳಿವೆ ಅಂತ ಕೇಳಿ ಎಲ್ಲರೂ ಬೆಚ್ಚುತ್ತಾರೆ. ಕನ್ನಡದವರು ಅಷ್ಟು ಹೆದರಬೇಕಿಲ್ಲ. 'ಮಯ' ಅಂದರೆ ಮನೆ, 'ಮಯಸ್' ಮನೆಯಲ್ಲಿ, 'ಮಯಸ್ತ್' ಮನೆಯಿಂದ. ನಾವೂ ಹೀಗೇ ಪ್ರತ್ಯಯ ಅಂಟಿಸುತ್ತೇವಲ್ಲ! ನಿಜವಾದ ತಲೆನೋವು ಉಚ್ಚಾರಣೆ. ನಮ್ಮಲ್ಲಿ ಹ್ರಸ್ವ, ದೀರ್ಘ ಎರಡೇ; ಅಲ್ಲಿ ಅತಿದೀರ್ಘವೂ ಇದೆ. 'ಕೋಲಿ' ಅಂತ ದೀರ್ಘವಾಗಿ ಹೇಳಿದರೆ 'ಶಾಲೆಯ', ಇನ್ನೂ ಎಳೆದರೆ 'ಶಾಲೆಗೆ'. ಬರವಣಿಗೆಯಲ್ಲಿ ಎರಡೂ ಒಂದೇ, ಸಂದರ್ಭ ನೋಡಿ ಊಹಿಸಬೇಕು.

ಬರ್ಮೀಸ್‌ನಲ್ಲಿ ಅರ್ಥ ಬದಲಿಸುವುದು ಸ್ವರದ ಏರಿಳಿತ. ತಗ್ಗು, ಏರು, ಗಂಟಲು ಬಿಗಿದ ದನಿ, ತಟ್ಟನೆ ತುಂಡಾಗುವ ದನಿ, ಹೀಗೆ ನಾಲ್ಕು ಬಗೆ. ಆದರೆ ವಾಕ್ಯರಚನೆ ನಮಗೆ ಆರಾಮ: ಕರ್ತೃ, ಕರ್ಮ, ಕೊನೆಗೆ ಕ್ರಿಯಾಪದ. ಲಿಪಿಯ ಮೂಲವೂ ಕನ್ನಡದಂತೆ ಬ್ರಾಹ್ಮಿಯೇ, ಅದಕ್ಕೇ ಆ ದುಂಡನೆಯ ಅಕ್ಷರಗಳು, ಕಾಗುಣಿತದ ಪದ್ಧತಿ ಪೂರ್ತಿ ಅಪರಿಚಿತ ಅನ್ನಿಸುವುದಿಲ್ಲ. ಪಾಲಿಯಿಂದ ಬಂದ ಪದಗಳೂ ಬೇಕಾದಷ್ಟು. ಒಂದು ಎಚ್ಚರಿಕೆ: ಬರೆದಂತೆ ಓದುವ ಭಾಷೆಯಲ್ಲ ಅದು. ಆಡುಮಾತಿಗೂ ಗ್ರಂಥಭಾಷೆಗೂ ಪ್ರತ್ಯಯಗಳೇ ಬೇರೆ.

ನನ್ನ ಮಟ್ಟಿಗೆ, ಕನ್ನಡಿಗರಿಗೆ ಬರ್ಮೀಸ್ ವ್ಯಾಕರಣ ಬೇಗ ಹತ್ತುತ್ತದೆ, ಎಸ್ಟೋನಿಯನ್ ಓದು ಬೇಗ ಹತ್ತುತ್ತದೆ. ಇಂಗ್ಲಿಷಿನಿಂದ ಲ್ಯಾಟಿನ್ ಲಿಪಿ ಹೇಗೂ ಗೊತ್ತಲ್ಲ.