ಯಾವ ಲಕ್ಷಣವೂ ಇಲ್ಲ, ಆದ್ರೂ ಕ್ಲಮೈಡಿಯಾ ಟೆಸ್ಟ್ ಮಾಡಿಸಬೇಕಾ?

ಮಾಡಿಸಿ. ಗೆಳತಿಯ ಜೊತೆ ಕಾಂಡೋಮ್ ಇಲ್ಲದೆ ಸೇರಿ ಮೂರು ವಾರ ಆಯ್ತು, ಉರಿ ಇಲ್ಲ, ಸ್ರಾವ ಇಲ್ಲ ಅಂತ ಬರೆದಿದ್ದೀರಿ. ಕ್ಲಮೈಡಿಯಾ ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು. ಅದರ ಕಷ್ಟವೇ ಇದು, ಜಾಸ್ತಿ ಜನರಿಗೆ ಏನೂ ಗೊತ್ತಾಗುವುದೇ ಇಲ್ಲ. ಆದರೆ ಹೆಣ್ಣುಮಕ್ಕಳಲ್ಲಿ ಸುಮ್ನೆ ಬಿಟ್ಟರೆ ಗರ್ಭನಾಳಕ್ಕೆ ಏರಿ, ಮುಂದೆ ಮಕ್ಕಳಾಗುವುದಕ್ಕೇ ತೊಂದರೆ ಆಗಬಹುದು.

ಟೆಸ್ಟ್‌ಗೆ ಸೂಜಿ ಚುಚ್ಚುವುದಿಲ್ಲ. ಗಂಡಸರಿಗೆ ಮೂತ್ರ ಸಾಕು: ಒಂದೆರಡು ಗಂಟೆ ತಡೆದುಕೊಂಡಿದ್ದು, ಮೊದಲು ಬರುವ ಸ್ವಲ್ಪವನ್ನೇ ಡಬ್ಬಿಗೆ ಹಿಡಿಯಬೇಕು, ನಡುವಿನದ್ದಲ್ಲ. ಹೆಣ್ಣುಮಕ್ಕಳಾದರೆ ಉದ್ದನೆಯ ಹತ್ತಿಕಡ್ಡಿಯಂಥ ಸ್ವಾಬ್‌ನಲ್ಲಿ ಯೋನಿಯಿಂದ ತಾವೇ ಮಾದರಿ ತೆಗೆದುಕೊಡಬಹುದು.

ನಮ್ಮ ಸರ್ಕಾರಿ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಲಕ್ಷಣ ನೋಡಿ ಮಾತ್ರೆ ಕೊಡುತ್ತಾರೆ. ನಿಮಗೆ ಲಕ್ಷಣವೇ ಇಲ್ಲ, ಅಲ್ವಾ? ಹಾಗಾಗಿ ಚರ್ಮ ಮತ್ತು ಲೈಂಗಿಕ ರೋಗದ ಡಾಕ್ಟರ ಹತ್ತಿರ ಹೋಗಿ, ಕ್ಲಮೈಡಿಯಾ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಲ್ಯಾಬ್ ಟೆಸ್ಟ್) ಅಂತ ಹೆಸರು ಹೇಳಿಯೇ ಕೇಳಿ, ನಾಚಿಕೊಳ್ಳಬೇಡಿ, ಅವರು ದಿನಾ ನೋಡುವ ವಿಷಯ ಇದು. ಎಲ್ಲಿಗೆ ಹೋಗಬೇಕು ಗೊತ್ತಾಗದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ.

ಪಾಸಿಟಿವ್ ಬಂದರೂ ಹೆದರಬೇಡಿ, ಪೂರ್ತಿ ವಾಸಿಯಾಗುತ್ತದೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 7 ದಿನ. ಗರ್ಭಿಣಿಯರಿಗೆ ಬೇರೆ ಔಷಧ. ನೀವೇ ಮೆಡಿಕಲ್ ಶಾಪಲ್ಲಿ ಕೊಂಡು ನುಂಗಬೇಡಿ. ನಿಮ್ಮ ಗೆಳತಿಗೂ ಹೇಳಿ, ದಯವಿಟ್ಟು. ಇಬ್ಬರ ಚಿಕಿತ್ಸೆಯೂ ಮುಗಿಯುವ ತನಕ ಸೇರಬೇಡಿ, ಇಲ್ಲದಿದ್ದರೆ ಅದು ಮತ್ತೆ ನಿಮಗೇ ಬರುತ್ತದೆ. ಚಿಕಿತ್ಸೆ ಮುಗಿದ 3 ತಿಂಗಳಿಗೆ ಇನ್ನೊಮ್ಮೆ ಟೆಸ್ಟ್ ಮಾಡಿಸಿ.